ಹದಿನೇಳನೆಯ ಗ್ರೀನಿನ ಕೊನ್ನಾರಿ

ಹೋದ ತಿಂಗಳು ಕೋಲಾರದ ಗ್ರಂಧಿಗೆ ಅಂಗಡಿಯೊಂದರಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ನನ್ನ ಅಂಗೈ ಬೆವರಿತು. ತಂಗಿಯ ಮಗಳಿಗೆ ಹೆರಿಗೆಯಾಗಿತ್ತು. ಕೂಸಿನ ಸ್ನಾನದ ಪುಡಿಗೆ ಸಾಮಾನು ಕಟ್ಟಿಸಿಕೊಳ್ಳಲು ಹೋಗಿದ್ದೆ. ಕಚೋರ, ಹೆಸರುಕಾಳು, ಒಣಗಿದ ಗುಲಾಬಿ ಎಸಳು ಎಲ್ಲ ತೂಗಿದ ಮೇಲೆ ಅಂಗಡಿಯವರು ಒಂದು ಡಬ್ಬದ ಮುಚ್ಚಳ ತೆಗೆದು ಕಂದು ಬಣ್ಣದ ಪುಟ್ಟ ಗಡ್ಡೆಗಳನ್ನು ತಕ್ಕಡಿಗೆ ಸುರಿದರು. ಒದ್ದೆ ಮಣ್ಣು ಮತ್ತು ಕರ್ಪೂರ ಬೆರೆತಂಥ ಆ ವಾಸನೆ ಮೂಗಿಗೆ ಬಡಿಯಿತು. "ಭದ್ರಮುಷ್ಟಿ ಕಣಮ್ಮ, ಮಗು ಮೈಗೆ ತುಂಬಾ ಒಳ್ಳೇದು" ಅಂದರು. ಅವರ ಡಬ್ಬದಲ್ಲಿ ಅದು ಭದ್ರಮುಷ್ಟಿ. ಹೊಲದಲ್ಲಿ ನಾವು ಅದನ್ನು ಕರೆಯುವುದು ಕೊನ್ನಾರಿ ಎಂದು. ಎಷ್ಟು ಕಿತ್ತರೂ ಸಾಯದ ಕಳೆ. ಆರು ವರ್ಷ ಅದನ್ನು ಕಿತ್ತು ಹೊಟ್ಟೆ ಹೊರೆದವಳು ನಾನು. ಅದರಲ್ಲೂ ಆರನೆಯ ವರ್ಷ, ಮಾವಿನ ಕಾಲದಿಂದ ಹಿಡಿದು ಹಿಂಗಾರು ಮಳೆಯ ತನಕ, ನನ್ನನ್ನು ಎಷ್ಟು ಹೆದರಿಸಿತ್ತೆಂದರೆ ಇವತ್ತಿಗೂ ಒಂದು ಹಿಡಿ ಒಣ ಗಡ್ಡೆ ಕಂಡರೆ ಕೈ ಬೆವರುತ್ತದೆ.

ನಮ್ಮದು ಲಕ್ಕೂರು ಹೋಬಳಿ. ಊರಿನಿಂದ ಆಟೋದಲ್ಲಿ ಕಾಲು ಗಂಟೆ ಹೋದರೆ ನೀಲಗಿರಿ ತೋಪುಗಳ ಆಚೆ ಒಂದು ಗಾಲ್ಫ್ ಮೈದಾನವಿದೆ. ಬೆಂಗಳೂರಿನವರು ಕಾರಿನಲ್ಲಿ ಬಂದು ಆಡಿ ಹೋಗುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಅದಕ್ಕೆ ಹುಲ್ಲು ಕಂಪ್ನಿ ಎಂದೇ ಹೆಸರು. ಟೈಲ್ಸ್ ಕಂಪ್ನಿ, ಬಿಸ್ಕತ್ತು ಕಂಪ್ನಿ ಇದ್ದ ಹಾಗೆ ಇದೂ ಒಂದು ಕಂಪ್ನಿ. ಅಲ್ಲಿ ಹುಲ್ಲು ತಯಾರಾಗುತ್ತದೆ, ಅಷ್ಟೇ. ನಾನು ಮಾಲೂರಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ, ವೇಮಗಲ್ಲಿನ ಒಂದು ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗಿ, ಮಗಳು ಹುಟ್ಟಿದ ಮೇಲೆ ಅದನ್ನು ಬಿಟ್ಟು, ಕೊನೆಗೆ ಈ ಹುಲ್ಲು ಕಂಪ್ನಿಯ ಕಳೆ ತೆಗೆಯುವ ತಂಡಕ್ಕೆ ಸೇರಿಕೊಂಡಿದ್ದೆ. ನಾವು ಇಪ್ಪತ್ತು ಜನ ಹೆಂಗಸರು. ಎಲ್ಲರಿಗೂ ಮುಂದಾಳು ಮುನಿರತ್ನಕ್ಕ. ಐವತ್ತು ದಾಟಿದ್ದಳು, ನಮ್ಮ ಪಕ್ಕದ ಬೀದಿಯವಳು, ಬಾಯಿ ಜೋರು. ಅವಳ ಕಣ್ಣು ತಪ್ಪಿಸಿ ಒಂದು ಕಳೆ ಉಳಿಯುತ್ತಿರಲಿಲ್ಲ.

ಚೆಂಡನ್ನು ಕುಳಿಯೊಳಕ್ಕೆ ಉರುಳಿಸುವ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅಂಗೈಯಲ್ಲಿ ಸವರಿದರೆ ಮಖಮಲ್ಲಿನಂತೆ ಇರುವ ಹುಲ್ಲು. ಅಂಥವು ಹದಿನೆಂಟು. ಗ್ರೀನಿನ ಮೇಲೂ ಅದರ ಅಂಚಿನ ಸುತ್ತ ಹತ್ತು ಹೆಜ್ಜೆಯ ಜಾಗದಲ್ಲೂ ಆಗ ಕಳೆಯ ಔಷಧಿ ಹೊಡೆಯುತ್ತಿರಲಿಲ್ಲ, ಕೈಯಲ್ಲೇ ತೆಗೆಯಬೇಕಿತ್ತು. ದಾರ ಎಳೆದು ಪಟ್ಟಿ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಬರಿಗಾಲಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕಬ್ಬಿಣದ ಸಣ್ಣ ಕಡ್ಡಿಯಿಂದ ಬುಡ ಸಡಿಲಿಸಿ, ಎರಡು ಬೆರಳಲ್ಲಿ ಎಳೆದು ಮಡಿಲಿಗೆ ಹಾಕಿಕೊಳ್ಳಬೇಕು. ಹುಲ್ಲಿನ ಮೇಲೆ ಒಂದು ಗೀರು ಬಿದ್ದರೂ ಸೂಪರ್‌ವೈಸರ್ ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಿದ್ದರು. ನಾನು ಮೊದಲೇ ಪುಕ್ಕಲಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹತ್ತಿದ ಬಸ್ಸಿನಿಂದ ಇಳಿದು ಮನೆಗೆ ಓಡಿ ಬಂದವಳು. ಆರು ವರ್ಷದಲ್ಲಿ ಒಂದೇ ಒಂದು ಗೀರು ನನ್ನಿಂದ ಬೀಳಲಿಲ್ಲ.

ಸೋಮವಾರ ಮೈದಾನಕ್ಕೆ ರಜೆ. ಅವತ್ತು ಕೆಲಸದವರು ಬೇಕಾದರೆ ಆಡಬಹುದು. ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿಗಳೆಲ್ಲ ಆಡುತ್ತಿದ್ದರು. ಅವರ ಹಿರಿಯ ಚೌಡಪ್ಪಣ್ಣ ಒಮ್ಮೆ ತಮಾಷೆಗೆ ನನ್ನ ಕೈಗೆ ಕೋಲು ಕೊಟ್ಟು "ಹೊಡಿ ನೋಡೋಣ ಲಕ್ಷ್ಮಮ್ಮಾ" ಅಂದಿದ್ದರು. ಚೆಂಡು ನೀಲಗಿರಿ ಮರದ ನೆತ್ತಿ ದಾಟಿ ಹೋಯಿತು. ನನಗಿಂತ ಅವರಿಗೇ ಗಾಬರಿಯಾಯಿತು. ಅಲ್ಲಿಂದ ನಾಲ್ಕು ವರ್ಷ ನನ್ನ ಸೋಮವಾರಗಳು ಹಾಗೇ ಕಳೆದವು. ಮನೆಯಲ್ಲಿ ಗಂಡ ನಾಗರಾಜ "ವಾರವೆಲ್ಲ ಹುಲ್ಲು ಕೀಳ್ತೀಯ, ಸೋಮವಾರ ಹುಲ್ಲಿಗೆ ಹೊಡೀತೀಯ, ಅದು ನಿಂಗೇನು ಅನ್ಯಾಯ ಮಾಡಿದೆಯೇ?" ಎಂದು ನಗುತ್ತಿದ್ದ.

ಆ ವರ್ಷ ಮೇ ತಿಂಗಳಲ್ಲಿ ಒಂದೇ ವಾರ ಎರಡು ಸುದ್ದಿ ಬಂದವು. ಮೊದಲನೆಯದು, ಮಳೆಗಾಲ ಮುಗಿದ ಮೇಲೆ ಮೆಷಿನ್ನು ಮತ್ತು ಹೊಸ ಔಷಧಿ ಬರುತ್ತದೆ, ಕಳೆ ತೆಗೆಯಲು ಎಂಟೇ ಜನ ಸಾಕು ಎಂಬುದು. ಎರಡನೆಯದು, ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಆಟ ಕಲಿಸಲು ಕ್ಲಬ್ಬಿಗೆ ಒಬ್ಬ ಹೆಂಗಸು ಬೇಕು ಎಂಬುದು. ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆಸಿದರು. "ದಸರಾ ಆದ್ಮೇಲೆ ಬೆಂಗಳೂರಿಂದ ಒಬ್ಬರು ಪರೀಕ್ಷೆ ಮಾಡೋಕೆ ಬರ್ತಾರೆ. ಹದಿನೆಂಟು ಕುಳಿ, ತೊಂಬತ್ತು ಹೊಡೆತ ಮೀರಬಾರದು. ಮಾಡಿ ತೋರಿಸಿದ್ರೆ ಕೆಲಸ ನಿಮ್ಮದು" ಅಂದರು. ಪರ್ಮನೆಂಟ್ ಕೆಲಸ. ನಾನು ಖುಷಿಯಲ್ಲಿ ತಲೆಯಾಡಿಸಿ ಹೊರಬಂದು, ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಒಳ್ಳೆಯ ದಿನದ ಆಟವೇ ತೊಂಬತ್ತಾರು. ಆರು ಹೊಡೆತ ಎಲ್ಲಿ ಹೋಗುತ್ತಿದ್ದವು ಎಂಬುದೂ ಗೊತ್ತಿತ್ತು. ಪಾಸಾಗದಿದ್ದರೆ ಆ ಎಂಟು ಜನರಲ್ಲಿ ನನ್ನ ಹೆಸರು ಇರುತ್ತದೆಂಬ ಖಾತ್ರಿಯೂ ಇರಲಿಲ್ಲ.

ದೂರದ ಹೊಡೆತಕ್ಕೆ ನನಗೆ ಹೆದರಿಕೆಯೇ ಇಲ್ಲ. ತೋಳು ಬೀಸಿದರೆ ಆಯಿತು. ಗ್ರೀನಿನ ಅಂಚಿಗೆ ಬಂದಾಗ, ಇನ್ನು ಹತ್ತು ಹದಿನೈದು ಹೆಜ್ಜೆ ಉಳಿದಾಗ, ಚೆಂಡನ್ನು ಮೆಲ್ಲಗೆ ಎತ್ತಿ ಕುಳಿಯ ಹತ್ತಿರ ಬೀಳಿಸುವ ಸಣ್ಣ ಹೊಡೆತವಿದೆಯಲ್ಲ, ಚಿಪ್ ಎನ್ನುತ್ತಾರೆ, ಅಲ್ಲಿ ನನ್ನ ಕೈ ಸತ್ತುಹೋಗುತ್ತಿತ್ತು. ಕೋಲು ಕೆಳಗೆ ಬರುತ್ತ ಬರುತ್ತ ಚೆಂಡಿನ ಹಿಂದೆ ನಿಂತೇ ಬಿಡುತ್ತಿತ್ತು. ಒಮ್ಮೆ ಚೆಂಡು ಎರಡಡಿ ಉರುಳುವುದು, ಇನ್ನೊಮ್ಮೆ ನೆತ್ತಿಗೆ ತಾಗಿ ಗ್ರೀನನ್ನೇ ದಾಟಿ ಆಚೆ ಗುಂಡಿಗೆ ಹೋಗುವುದು. ಜೂನ್ ತಿಂಗಳಿಡೀ ಹೀಗೇ. ಮನೆಯಲ್ಲಿ ಸಾರಿನ ಸೌಟು ಹಿಡಿದರೂ ಮಣಿಕಟ್ಟು ಬಿಗಿಯುತ್ತಿತ್ತು. ಮಗಳು "ಅಮ್ಮಾ, ತಟ್ಟೆ ಈ ಕಡೆ ಇದೆ" ಎಂದು ಕೈ ತೋರಿಸಬೇಕಾಗುತ್ತಿತ್ತು.

ಚೌಡಪ್ಪಣ್ಣ ಶ್ರೀನಿವಾಸಪುರದವರು. ಹರೆಯದಲ್ಲಿ ಅಲ್ಲಿನ ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುತ್ತಿದ್ದರಂತೆ. ಆಮೇಲೆ ಮೂವತ್ತು ವರ್ಷ ಕ್ಯಾಡಿ ಕೆಲಸ. ಮಾತಿನ ನಡುವೆ ತೆಲುಗು ಬರದೆ ಅವರ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಂದು ಕುಕ್ಕೆ ತೋತಾಪುರಿ ಕಾಯಿ ತಂದು ನನ್ನ ಮುಂದೆ ಇಟ್ಟು, ಹತ್ತು ಹೆಜ್ಜೆ ಆಚೆ ಒಂದು ಗೋಣಿಚೀಲ ಹಾಸಿದರು.

"ಇಲ್ಲಿಂದ ಅಲ್ಲಿಗೆ ಎಸಿ. ಕಾಯಿಗೆ ಏಟು ಬೀಳಬಾರ್ದು."

ಎಸೆದೆ. ಒಂದಾದ ಮೇಲೊಂದು ಗೋಣಿಚೀಲದ ಮೇಲೆ ಮೆತ್ತಗೆ ಕೂತವು. ಇಪ್ಪತ್ತರಲ್ಲಿ ಹದಿನೆಂಟು.

"ಚೂಡಮ್ಮಾ, ಮಂಡೀಲಿ ನಾವು ದಿನಾ ಎಷ್ಟು ಕಾಯಿ ಹಿಂಗೆ ರಾಶಿಗೆ ಎಸೀತಿದ್ವೋ ಲೆಕ್ಕ ಇಲ್ಲ. ಯೋಚ್ನೆ ಮಾಡ್ಕೊಂಡು ಎಸೆದಿದ್ದು ಒಂದೂ ಇಲ್ಲ. ನಿನ್ನ ಕೈ ಚೆನ್ನಾಗೇ ಐತೆ. ಈಗ ಕೋಲು ತಗೋ."

ಕೋಲು ತಗೊಂಡೆ. ವೆಡ್ಜ್ ಎಂದು ಅದರ ಹೆಸರು, ಮುಖ ಆಕಾಶಕ್ಕೆ ಮಾಡಿಕೊಂಡಿರುವ ಕೋಲು. ಮತ್ತೆ ಅದೇ ಕಥೆ. ಕೈ ನಿಂತಿತು. ಚೌಡಪ್ಪಣ್ಣ ಬೈಯಲಿಲ್ಲ. ನನ್ನನ್ನು ಗ್ರೀನಿನಿಂದ ದೂರ, ಉದ್ದ ಹುಲ್ಲಿನ ಬಯಲಿಗೆ ಕರೆದುಕೊಂಡು ಹೋಗಿ ಅದೇ ಹೊಡೆತ ಹೊಡೆಸಿದರು. ಸಲೀಸಾಗಿ ಬಂತು. ಮತ್ತೆ ಗ್ರೀನಿನ ಅಂಚಿಗೆ ಕರೆತಂದು ಒಂದು ರಬ್ಬರ್ ಚಾಪೆ ಹಾಕಿ ಅದರ ಮೇಲಿಂದ ಹೊಡೆಸಿದರು. ಅದೂ ಬಂತು. ಚಾಪೆ ತೆಗೆದರೆ ಕೈ ಮತ್ತೆ ಸತ್ತಿತು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನಿಂಗೆ ಚೆಂಡಿನ ಭಯ ಕಾದಮ್ಮಾ, ಅದಲ್ಲ. ಹುಲ್ಲಿನ ಭಯ."

ನಾನು ಅಳುವುದಕ್ಕೇ ಶುರು ಮಾಡಿದೆ, ಯಾಕೆಂದರೆ ಅದು ನಿಜವಾಗಿತ್ತು. ಈ ಹೊಡೆತ ಸರಿಯಾಗಿ ಬರಬೇಕಾದರೆ ಕೋಲಿನ ಅಂಚು ಚೆಂಡಿನ ಜೊತೆಗೇ ಒಂದಿಷ್ಟು ಹುಲ್ಲನ್ನೂ ಹೆರೆದುಕೊಂಡು ಹೋಗಬೇಕು. ಬಯಲಿನ ಹುಲ್ಲನ್ನು ನಾನು ಯಾವತ್ತೂ ಮುಟ್ಟಿದವಳಲ್ಲ. ಗ್ರೀನಿನ ಅಂಚು ಹಾಗಲ್ಲ. ಅಲ್ಲಿ ಆರು ವರ್ಷ ಕೂತಿದ್ದೇನೆ. ಅಲ್ಲಿ ಕಬ್ಬಿಣ ತಾಗಿಸಬಾರದು ಎಂದು ನನ್ನ ಕೈಗೆ ಗೊತ್ತಿತ್ತು, ನನ್ನನ್ನು ಕೇಳದೆಯೇ ಅದು ನಿಂತುಬಿಡುತ್ತಿತ್ತು.

ಪಂಪ್ ಮನೆಯ ಹಿಂದೆ ನರ್ಸರಿ ಎಂದು ಒಂದು ಜಾಗವಿತ್ತು. ಗ್ರೀನಿನ ಹುಲ್ಲು ಎಲ್ಲಾದರೂ ಕೆಟ್ಟರೆ ತೇಪೆ ಹಾಕಲು ಅಲ್ಲಿ ಅದೇ ಜಾತಿಯ ಹುಲ್ಲು ಬೆಳೆಸುತ್ತಿದ್ದರು. ಮ್ಯಾನೇಜರನ್ನು ಒಪ್ಪಿಸಿ ಅದರ ಒಂದು ಮೂಲೆಯನ್ನು ಚೌಡಪ್ಪಣ್ಣ ನನಗೆ ಕೊಡಿಸಿದರು. "ಚೆಂಡು ಬೇಡ. ಬರೀ ಹುಲ್ಲು ಕೊಯ್ಯಿ. ಐವತ್ತು ಸಲ" ಅಂದರು. ನಾನು ಕಣ್ಣು ಮುಚ್ಚಿಕೊಂಡು ಬೀಸಿದೆ. ಅಂಗೈಯಗಲದ ತುಂಡು ಎದ್ದು ಹಾರಿತು. ಕೆಳಗೆ ಕೆಂಪು ಮಣ್ಣು ಕಂಡಿತು. ಆ ಹೊತ್ತಿಗೆ ಊಟಕ್ಕೆ ಬಂದ ತಂಡದವರು ಅದನ್ನು ನೋಡಿ ಅಲ್ಲಲ್ಲೇ ನಿಂತರು. ಮುನಿರತ್ನಕ್ಕ ಬುತ್ತಿ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು.

"ಏನೇ ಇದು? ಹುಲ್ಲೇನು ಪಾಪ ಮಾಡೈತೆ ನಿಂಗೆ? ನಾವು ಬೆರಳು ಸವೆಸ್ಕೊಂಡು ಬೆಳೆಸೋದು, ನೀನು ಗುದ್ದಲಿ ಹಾಕೋದು!"

"ಹಿಂಗ್ ಮಾಡ್ದಿದ್ರೆ ಇವಳು ಪಾಸಾಗಲ್ಲ ಮುನಿರತ್ನಮ್ಮಾ" ಎಂದು ಚೌಡಪ್ಪಣ್ಣ ಅವಳಿಗೆ ಎಲ್ಲ ಬಿಡಿಸಿ ಹೇಳಿದರು. ಅವಳು ಕೇಳಿದಳು, ಆ ಕೆಂಪು ಗಾಯವನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕುಕ್ಕರಿಸಿ, ಎದ್ದ ತುಂಡನ್ನು ತಂದು ಅದರ ಜಾಗದಲ್ಲಿ ಕೂರಿಸಿ, ಮೇಲೆ ಒಂದು ಹಿಡಿ ಮರಳು ಹಾಕಿ ತಟ್ಟಿದಳು.

"ಹೊಡಿ. ನಾವು ಮುಚ್ಕೊಂಡು ಬರ್ತೀವಿ."

ಜುಲೈ, ಆಗಸ್ಟ್ ಹೀಗೇ ಹೋಯಿತು. ಬೆಳಿಗ್ಗೆ ತಂಡದ ಜೊತೆ ಕಳೆ, ಮಧ್ಯಾಹ್ನ ನರ್ಸರಿ. ನಾನು ಕೊಯ್ಯುವುದು, ಊಟ ಮುಗಿಸಿದ ಹೆಂಗಸರಲ್ಲಿ ಇಬ್ಬರೋ ಮೂವರೋ ನನ್ನ ಹಿಂದೆ ಮರಳಿನ ಬಕೆಟ್ಟು ಹಿಡಿದು ಮುಚ್ಚುತ್ತ ಬರುವುದು. ಮುಂಗಾರು ನಮ್ಮ ಕಡೆ ಸುಮ್ಮನೆ ತಲೆ ನೇವರಿಸಿ ಹೋಗುವ ಮಳೆ. ಗಾಳಿ ಮಾತ್ರ ಜೋರು. ಸೆಪ್ಟೆಂಬರಿನಲ್ಲಿ ನಿಜವಾದ ಮಳೆ ಹಿಡಿಯಿತು. ಕೊನ್ನಾರಿ ಎಲ್ಲೆಂದರಲ್ಲಿ ಚಿಗುರಿತು. ಆ ಹೊತ್ತಿಗೆ ನನ್ನ ಕೈ ಹತ್ತರಲ್ಲಿ ಏಳು ಸಲ ನಿಲ್ಲದೆ ಹೋಗುತ್ತಿತ್ತು. ಉಳಿದ ಮೂರು ಸಲದ ಭಯ ಏಳು ಸಲದ ಸಂತೋಷವನ್ನು ತಿಂದು ಹಾಕುತ್ತಿತ್ತು. ದಸರಾ ರಜೆಯಲ್ಲಿ ಮಗಳು ಕ್ಯಾಲೆಂಡರಿನಲ್ಲಿ ಪರೀಕ್ಷೆಯ ದಿನಕ್ಕೆ ಸುತ್ತು ಹಾಕಿದಳು. ನಾನು ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟೆ. ನಾಗರಾಜ ತಮಾಷೆ ನಿಲ್ಲಿಸಿದ್ದ. ಅವನು ತಮಾಷೆ ನಿಲ್ಲಿಸಿದ್ದು ನೋಡಿ ನನಗೆ ಇನ್ನೂ ಭಯವಾಯಿತು.

ಪರೀಕ್ಷೆಗೆ ಮುಂಚಿನ ವಾರ ಮುನಿರತ್ನಕ್ಕ ತಂಡವನ್ನು ಸೇರಿಸಿ, ಯಾರೂ ಹೇಳದಿದ್ದರೂ, ಹದಿನೆಂಟು ಗ್ರೀನಿನ ಅಂಚಿನ ಕಳೆಯನ್ನೂ ಮೊದಲಿನಿಂದ ತೆಗೆಸಿದಳು. "ನಮ್ ಲಕ್ಷ್ಮಿ ಚೆಂಡಿಗೆ ಒಂದು ಎಸಳು ಅಡ್ಡ ಬರಬಾರ್ದು" ಎಂದಳಂತೆ.

ಪರೀಕ್ಷೆಯ ಬೆಳಿಗ್ಗೆ ರಾತ್ರಿಯ ಮಳೆಗೆ ನೆಲ ತೊಯ್ದಿತ್ತು. ಬೆಂಗಳೂರಿನಿಂದ ಬಂದಿದ್ದವರು ಅರವತ್ತರ ಆಸುಪಾಸಿನ ಒಬ್ಬ ಮೇಡಂ, ಹಿಂದೆ ದೊಡ್ಡ ಪಂದ್ಯಗಳಲ್ಲಿ ಆಡಿದವರಂತೆ. ಕನ್ನಡ ಅಷ್ಟಕ್ಕಷ್ಟೆ. ಕೈಯಲ್ಲಿ ಒಂದು ಕಾರ್ಡು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಚೌಡಪ್ಪಣ್ಣ ನನ್ನ ಚೀಲ ಹೊತ್ತರು. ಮೊದಲ ಐದು ಕುಳಿ ಹೇಗೆ ಆಡಿದೆನೋ ನೆನಪಿಲ್ಲ. ಆರನೆಯದರಲ್ಲಿ ಕೈ ನಿಂತಿತು, ಎರಡು ಹೊಡೆತ ಹಾಳಾಯಿತು. ಹನ್ನೊಂದರಲ್ಲಿ ಒಂದು ಚಿಪ್ ಮಾವಿನಕಾಯಿಯ ಹಾಗೆ ಮೆತ್ತಗೆ ಹೋಗಿ ಕುಳಿಯ ಪಕ್ಕದಲ್ಲಿ ಕೂತಿತು. ಮೇಡಂ ಹುಬ್ಬು ಏರಿಸಿದ್ದು ಕಂಡಿತು. ಹದಿನಾರು ಕುಳಿ ಮುಗಿದಾಗ ಎಪ್ಪತ್ತೊಂಬತ್ತಾಗಿತ್ತು. ಉಳಿದ ಎರಡಕ್ಕೆ ನನಗೆ ಹನ್ನೊಂದು ಹೊಡೆತ ಇದ್ದವು.

ಹದಿನೇಳನೆಯದು ಚಿಕ್ಕ ಕುಳಿ. ನನ್ನ ಮೊದಲ ಹೊಡೆತ ಗ್ರೀನನ್ನು ದಾಟಿ ಹಿಂದಿನ ಅಂಚಿಗೆ ಹೋಗಿ ಬಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆಯಲ್ಲಿ ತಂಡದವರು ಮುಂದಿನ ಪಟ್ಟಿಗೆ ದಾರ ಕಟ್ಟುತ್ತಿದ್ದರು, ನನ್ನನ್ನು ನೋಡಿ ಕೆಲಸ ನಿಲ್ಲಿಸಿದರು. ಮೇಡಂ ಗ್ರೀನಿನ ಆಚೆ ಬದಿಯಲ್ಲಿ ನಿಂತು ಕಾರ್ಡಿನಲ್ಲಿ ಏನೋ ಬರೆಯುತ್ತಿದ್ದರು. ಚೌಡಪ್ಪಣ್ಣ ಚೀಲದಿಂದ ವೆಡ್ಜ್ ತೆಗೆಯುತ್ತಿದ್ದರು. ನಾನು ಚೆಂಡು ಹೇಗೆ ಕೂತಿದೆ ಎಂದು ನೋಡಲು ಬಗ್ಗಿದೆ. ಎದ್ದು ನಿಂತೆ. ಎಡಗೈ ಸೊಂಟದ ಹತ್ತಿರ ಮಡಿಲು ಹುಡುಕುತ್ತಿತ್ತು. ಅವತ್ತು ನಾನು ಪ್ಯಾಂಟು ಹಾಕಿದ್ದೆ, ಮಡಿಲು ಎಲ್ಲಿಂದ ಬರಬೇಕು? ಬಲಗೈ ಬಿಡಿಸಿ ನೋಡಿದರೆ ಅದರಲ್ಲಿ ಬೆರಳುದ್ದದ ಒಂದು ಕೊನ್ನಾರಿ.

"ಬೇರು ಸಮೇತ ಬಂತೇನೇ?" ಎಂದು ಮುನಿರತ್ನಕ್ಕ ಅಲ್ಲಿಂದಲೇ ಕೂಗಿದಳು.

"ಬಂತಕ್ಕ" ಅಂದೆ. ಅಂದ ಮೇಲೆ ಏನು ಮಾಡಿಬಿಟ್ಟೆ ಎಂದು ಹೊಳೆಯಿತು.

ಬೆಳೆಯುತ್ತಿರುವ ಯಾವುದನ್ನೂ ಚೆಂಡಿನ ಹತ್ತಿರದಿಂದ ಕೀಳುವಂತಿಲ್ಲ. ಅಷ್ಟು ನನಗೂ ಗೊತ್ತಿತ್ತು. ಕ್ಯಾಡಿಗಳು ಮೊದಲ ದಿನವೇ ಹೇಳಿಕೊಟ್ಟಿದ್ದರು. ಕಿತ್ತರೆ ಏನು ಶಿಕ್ಷೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಯಾರು ಕೀಳುತ್ತಾರೆ? ಆಡಲು ಬಂದವರು ಯಾರಾದರೂ ಬಗ್ಗಿ ಕಳೆ ಕೀಳುತ್ತಾರೆಯೇ? ನಾನು ಗಿಡವನ್ನು ಮುಷ್ಟಿಯಲ್ಲೇ ಹಿಡಿದು ಚೌಡಪ್ಪಣ್ಣನಿಗೆ ತೋರಿಸಿದೆ. ಅವರ ಮುಖ ಬೂದಿಯಾಯಿತು.

"ಎಷ್ಟಣ್ಣ ಇದಕ್ಕೆ? ಆಟದಿಂದಲೇ ತೆಗೆದುಹಾಕ್ತಾರಾ?"

"ಈಗ ಕೇಳ್ಬೇಡ. ಮೊದ್ಲು ಆಡು. ಹೇಳೋದು ಕಾರ್ಡಿಗೆ ಸೈನ್ ಹಾಕೋ ಮುಂಚೆ ಹೇಳೋಣ."

ಗಿಡವನ್ನು ಜೇಬಿಗೆ ಹಾಕಿ ಕೋಲು ಹಿಡಿದೆ. ಹೇಗೆ ಹೊಡೆದೆ ಎಂದು ಕೇಳಬೇಡಿ. ಅದಕ್ಕಿಂತ ದೊಡ್ಡ ಭಯ ಒಂದು ಎದೆಯಲ್ಲಿ ಕೂತಿದ್ದರಿಂದ ಹುಲ್ಲಿನ ಭಯಕ್ಕೆ ಜಾಗವೇ ಇರಲಿಲ್ಲವೋ ಏನೋ. ಚೆಂಡು ಎದ್ದು, ಬಿದ್ದು, ಕುಳಿಯಿಂದ ಮೂರಡಿಯಲ್ಲಿ ನಿಂತಿತು. ಅದನ್ನು ಒಂದೇ ಹೊಡೆತಕ್ಕೆ ಒಳಗೆ ಹಾಕಿದೆ. ಒಟ್ಟು ಎಂಬತ್ತೆರಡು. ಹದಿನೆಂಟನೆಯದು ಉದ್ದದ ಕುಳಿ. ದಾರಿಯುದ್ದಕ್ಕೂ ಜೇಬಿನ ಮೇಲಿಂದ ಆ ಗಡ್ಡೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಹೆಜ್ಜೆಗೊಂದು ಸಲ ಬಂತು. ನಾಲ್ಕು ಹೊಡೆತಕ್ಕೆ ಗ್ರೀನಿಗೆ ತಲುಪಿ, ಅಲ್ಲಿ ಮೂರು ಹೊಡೆತ ತೆಗೆದುಕೊಂಡೆ. ಏಳು. ಒಟ್ಟು ಎಂಬತ್ತೊಂಬತ್ತು.

ಮೇಡಂ ನಗುತ್ತ ಕೈ ಚಾಚಿದರು. "ವೆರಿ ಗುಡ್ ಲಕ್ಷ್ಮಿ. ಪಾಸ್." ಕಾರ್ಡು ಮೇಜಿನ ಮೇಲಿಟ್ಟು ಪೆನ್ಸಿಲ್ಲು ಕೊಟ್ಟರು. ನನ್ನ ಕೈ ಪೆನ್ಸಿಲ್ಲು ಹಿಡಿಯಲಿಲ್ಲ. ಜೇಬಿನಿಂದ ಗಿಡ ತೆಗೆದು ಕಾರ್ಡಿನ ಪಕ್ಕದಲ್ಲಿಟ್ಟೆ. ಅಷ್ಟರಲ್ಲೇ ಬಾಡಿಹೋಗಿತ್ತು.

"ಹದಿನೇಳರಲ್ಲಿ ಇದನ್ನ ಕಿತ್ತುಬಿಟ್ಟೆ ಮೇಡಂ. ಬೇಕಂತ ಅಲ್ಲ. ಅಭ್ಯಾಸ."

ಚೌಡಪ್ಪಣ್ಣ ಹಿಂದಿಯಲ್ಲಿ ವಿವರಿಸಿದರು. ಚೆಂಡಿನಿಂದ ಎಷ್ಟು ದೂರ ಎಂದು ಮೇಡಂ ಕೇಳಿದರು. ನಾಲ್ಕು ಬೆರಳು ತೋರಿಸಿದೆ. ಅವರು ಗಿಡವನ್ನು ಎತ್ತಿ ತಿರುಗಿಸಿ ನೋಡಿದರು. ನನ್ನ ತಲೆಯಲ್ಲಿ ಒಂದೇ ಪ್ರಾರ್ಥನೆ: ಒಂದು ಎನ್ನಲಿ, ದೇವರೇ, ಒಂದು ಎನ್ನಲಿ. ಒಂದಾದರೆ ತೊಂಬತ್ತು.

"ಎರಡು" ಅಂದರು ಮೇಡಂ, ಕನ್ನಡದಲ್ಲೇ. ಹದಿನೇಳರ ಮುಂದಿದ್ದ ಮೂರನ್ನು ಹೊಡೆದುಹಾಕಿ ಐದು ಎಂದು ಬರೆದರು. ತೊಂಬತ್ತೊಂದು. ಫೆಬ್ರವರಿಯಲ್ಲಿ ಮತ್ತೆ ಬರುತ್ತೇನೆ, ಅಷ್ಟರವರೆಗೆ ಬೇರೆ ಯಾರನ್ನೂ ತೆಗೆದುಕೊಳ್ಳದಂತೆ ಹೇಳುತ್ತೇನೆ ಎಂದರು. ನಾನು ಸೈನ್ ಹಾಕಿದೆ. ಸೈನು ವಕ್ರವಾಗಿ ಬಂತು.

ಪಂಪ್ ಮನೆಯ ಹತ್ತಿರ ತಂಡದವರು ಮುದ್ದೆಯ ಬುತ್ತಿ ಬಿಚ್ಚದೆ ಕಾಯುತ್ತಿದ್ದರು. ಸೂಪರ್‌ವೈಸರೂ ಅಲ್ಲಿದ್ದರು, ಉಳಿಸಿಕೊಳ್ಳಬೇಕಾದ ಎಂಟು ಜನರ ಪಟ್ಟಿ ಮಾಡಲು ಆ ವಾರವೆಲ್ಲ ನಮ್ಮ ಕೆಲಸ ನೋಡುತ್ತ ಓಡಾಡುತ್ತಿದ್ದರು. ನಾನು ಆದದ್ದನ್ನು ಹೇಳಿದೆ. ಕಳೆ ಕಿತ್ತಿದ್ದಕ್ಕೆ ಶಿಕ್ಷೆಯೇ ಎಂದು ಒಬ್ಬಳು ಬಾಯಿ ಬಿಟ್ಟಳು. ಇನ್ನೊಬ್ಬಳು ಬೆಂಗಳೂರಿನವರಿಗೆ ಹಿಡಿಶಾಪ ಹಾಕಿದಳು. ಮುನಿರತ್ನಕ್ಕ ಮಾತ್ರ ಬುತ್ತಿ ಪಕ್ಕಕ್ಕೆ ಸರಿಸಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಅವಳ ಎಂದಿನ ಜೋರು ದನಿಯಲ್ಲೇ ಹೇಳಿದಳು.

"ಅದು ನನ್ನ ಪಟ್ಟಿ ಕಣೇ. ಹೋದ ವಾರ ಕಿತ್ತಾಗ ಕತ್ತು ಮುರೀತು, ಗಡ್ಡೆ ಒಳಗೇ ಉಳ್ಕೊಂತು. ಮಳೆ ಹನೀತಿತ್ತು. ಯಾರು ನೋಡ್ತಾರೆ ಅಂತ ಹಂಗೇ ಮುಂದಕ್ಕೆ ಹೋದೆ. ಬೇರು ಸಮೇತ ಬಂತಾ ಅಂತ ನಾ ಕೇಳಿದ್ದು ಅದಕ್ಕೇ."

ಸೂಪರ್‌ವೈಸರ್ ತಿರುಗಿ ಅವಳನ್ನು ನೋಡಿದರು. ನಾನು ಅವಳ ಬಾಯಿ ಮುಚ್ಚಬೇಕೆಂದು ಕೈ ಚಾಚಿದೆ. ಆಗಲೇ ತಡವಾಗಿತ್ತು.

ಮುಂದಿನ ವಾರ ಪಟ್ಟಿ ಬಂತು. ಎಂಟು ಹೆಸರು. ನನ್ನದಿತ್ತು. ಮುನಿರತ್ನಕ್ಕನದಿರಲಿಲ್ಲ.

ಎರಡು ದಿನ ಅವಳ ಬೀದಿಗೆ ಕಾಲಿಡಲಿಲ್ಲ. ಮೂರನೆಯ ದಿನ ಹೋದೆ. ಜಗಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. "ನಿನ್ನ ಜಾಗ ನಾನು ತಿಂದೆ ಅಕ್ಕ. ನಾಳೆನೇ ಬಿಡ್ತೀನಿ ಅಂತ ಹೇಳ್ತೀನಿ" ಅಂದೆ. ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದ ಮಾತು ಅದು; ಹೇಳುವಾಗ ಅಳು ಬಂತು.

"ಬಿಟ್ರೆ ಅಲ್ಲಿಗೆ ಇನ್ನ್ಯಾರನ್ನೋ ತಂದು ಕೂರಿಸ್ತಾರೆ, ನಂಗೇನು ಬಂತು?" ಅಂದಳು, ಕಾಯಿಯಿಂದ ಕಣ್ಣೆತ್ತದೆ. "ಫೆಬ್ರವರಿ ತನಕ ಆ ಜಾಗ ಭದ್ರವಾಗಿ ಹಿಡ್ಕೊ. ಪಾಸಾಗು. ಪಾಸಾಗಿ ಎದ್ದು ಹೋಗುವಾಗ ನನ್ನ ಹೆಸರು ಹೇಳಿ ಹೋಗು. ಅಲ್ಲೀವರ್ಗೂ ನಾನು ಸುಗಟೂರಿನ ಕಡೆ ಟೊಮೇಟೊ ಕುಯ್ಯೋಕೆ ಹೋಗ್ತೀನಿ."

ಮಾರನೆಯ ದಿನ ಹೋಗಿ ಕೇಳಿದೆ, ಪಾಸಾದರೆ ನನ್ನ ಜಾಗ ಅವಳಿಗೇ ಆಗಲಿ ಎಂದರು ಮ್ಯಾನೇಜರ್. ಅಲ್ಲಿಗೆ ನನ್ನ ಭಯ ಇಮ್ಮಡಿಯಾಯಿತು. ಮೊದಲು ನನ್ನ ಒಬ್ಬಳ ಅನ್ನದ ಪ್ರಶ್ನೆಯಾಗಿತ್ತು. ಡಿಸೆಂಬರಿನ ಮಂಜಿನಲ್ಲಿ ನಡುಗುತ್ತ ನಿಂತು, ಬೆರಳು ಮರಗಟ್ಟುವವರೆಗೆ ಚಿಪ್ ಹೊಡೆದೆ. ಪ್ರತಿ ಚೆಂಡಿಗೂ ಮುನಿರತ್ನಕ್ಕ ಟೊಮೇಟೊ ಕುಕ್ಕೆ ಹೊತ್ತು ಬಸ್ಸು ಹತ್ತುವುದು ಕಣ್ಣಿಗೆ ಕಟ್ಟುತ್ತಿತ್ತು. ಫೆಬ್ರವರಿಯಲ್ಲಿ ಅದೇ ಮೇಡಂ ಬಂದರು. ಹದಿನೆಂಟು ಕುಳಿಯಲ್ಲೂ ಕೋಲು ಕೈಗೆ ಬರುವ ತನಕ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಚೆಂಡಿನ ಹತ್ತಿರ ಹೋದೆ. ಕೊನೆಯ ಗ್ರೀನಿನಲ್ಲಿ ಎರಡು ಮೊಳದ ದೂರದಿಂದ ತೊಂಬತ್ತನೆಯ ಹೊಡೆತ. ಚೆಂಡು ಕುಳಿಯ ಅಂಚಿನಲ್ಲಿ ಒಂದು ಸುತ್ತು ಹೋಯಿತು. ನಾನು ಕಣ್ಣು ಮುಚ್ಚಿದೆ. ಬಿದ್ದ ಸದ್ದು ಕೇಳಿದ ಮೇಲೂ ಸ್ವಲ್ಪ ಹೊತ್ತು ತೆರೆಯಲಿಲ್ಲ.

ಕಾರ್ಡಿಗೆ ಸೈನ್ ಹಾಕಿ, ಮ್ಯಾನೇಜರ್ ಹತ್ತಿರ ಮಾತು ಇನ್ನೊಮ್ಮೆ ಖಚಿತ ಮಾಡಿಕೊಂಡು, ಹೊರಗೆ ಬಂದು ಫೋನು ಮಾಡಿದೆ. ಮುನಿರತ್ನಕ್ಕ ಹೊಲದಲ್ಲಿದ್ದಳು, ಹಿಂದೆ ಯಾರೋ ತೆಲುಗಿನಲ್ಲಿ ಕೂಗಾಡುತ್ತಿದ್ದರು.

"ಅಕ್ಕಾ, ಸೋಮವಾರ ಬಿಟ್ಟು ಮಂಗಳವಾರದಿಂದ ನೀನು ಕೆಲಸಕ್ಕೆ ಬರ್ಬೇಕಂತೆ."

ಆ ಕಡೆ ಅವಳು ಮೂಗು ಒರೆಸಿಕೊಂಡ ಸದ್ದಾಯಿತು.

"ಹದಿನೇಳನೇದು ನಂಗೇ ಕೊಡ್ಸೇ" ಅಂದಳು. "ಅಲ್ಲಿ ಇನ್ನೂ ಗಡ್ಡೆ ಅವೆ."